ಯೂರಿಯಾದ ನಾಲ್ಕು ರಚನೆ: ಯಾವುದು ಮೇಲು?

ಗಂಗಾವತಿಯ ಭತ್ತದ ಗದ್ದೆಗೆ ಎರಚುವ ಯೂರಿಯಾ ನೋಡ್ರಿ. ಇದಕ್ಕೆ ನಾಲ್ಕು ರೆಸೊನೆನ್ಸ್ ರಚನೆ ಬರೀಬಹುದು. ಸ್ಥಿರತೆಯಲ್ಲಿ ಯಾವುದು ಮೇಲು?

ಮೊದಲು ಅಷ್ಟಕ ಎಣಿಸಿ. ಕಾರ್ಬನ್ ಮೇಲೆ ಪ್ಲಸ್, ಆಕ್ಸಿಜನ್ ಮೇಲೆ ಮೈನಸ್ ಇದ್ದರೆ ಕಾರ್ಬನ್ನಿಗೆ ಆರೇ ಎಲೆಕ್ಟ್ರಾನು. ಅದು ಕೊನೆಗೆ.

ಉಳಿದ ಮೂರರಲ್ಲಿ ಕಾರ್ಬನ್, ನೈಟ್ರೋಜನ್, ಆಕ್ಸಿಜನ್ ಎಲ್ಲಕ್ಕೂ ಎಂಟೆಂಟು. ಈಗ ಚಾರ್ಜ್ ನೋಡಿ: ಚಾರ್ಜೇ ಇಲ್ಲದ್ದು ಮೊದಲನೆಯದು. ಒಂದು ನೈಟ್ರೋಜನ್ ತನ್ನ ಒಂಟಿಜೋಡಿ ಕೊಟ್ಟು ಪ್ಲಸ್ ಆದ ರಚನೆ ಎರಡಿವೆ, ಅವು ಸರಿಸಮ, ಎರಡನೇ ಸ್ಥಾನ. ಮೈನಸ್ ಆಕ್ಸಿಜನ್ ಮೇಲಿದೆ, ಇರಬೇಕಾದ್ದೂ ಅಲ್ಲೇ.

ಎರಡನೇ ಸ್ಥಾನ ಅಂತ ಕಡೆಗಣಿಸಬೇಡಿ! ಸಾಮಾನ್ಯ ಕಾರ್ಬನ್-ನೈಟ್ರೋಜನ್ ಏಕಬಂಧದ ಉದ್ದ ಸುಮಾರು 1.47 ಆಂಗ್‌ಸ್ಟ್ರಾಮ್. ಯೂರಿಯಾ ಹರಳಿನಲ್ಲಿ ಅದು ಸುಮಾರು 1.34. ಬಂಧ ಗಿಡ್ಡಾಗಿದ್ದು ಮುಖ್ಯವಾಗಿ ಈ ಎರಡು ರಚನೆಗಳಿಂದ.