ಬಿರಾದಾರ, ಬಿರಾಜದಾರ ಮತ್ತು ಒಂದು ಹಳೇ ಗಡಿ

ಜೂನ್ ತಿಂಗಳ ಒಂದು ಬೆಳಿಗ್ಗೆ ಅಕ್ಕನ ಮಗಳ ಜೊತೆ ಮಹಾರಾಷ್ಟ್ರದ ಅಕ್ಕಲಕೋಟೆ ಸೀಮೆಯಲ್ಲಿ, ಸರ್ಕಾರಿ ದಾಖಲೆ ಕೊಡುವ ಒಂದು ಸೇತು ಕೇಂದ್ರದ ಸಾಲಿನಲ್ಲಿ ನಿಂತಿದ್ದೆ. ಅವಳ ಕೈಯ ಪ್ಲಾಸ್ಟಿಕ್ ಚೀಲದಲ್ಲಿ ಶಾಲೆ ಬಿಟ್ಟ ದಾಖಲಾ, ಅಪ್ಪನ ಹೊಲದ ಸಾತಬಾರಾ ಉತಾರ, ರೇಷನ್ ಕಾರ್ಡು, ಆಧಾರ್. ಕನ್ನಡ ಶಾಲೆಯ ದಾಖಲಾದಲ್ಲಿ ಅಡ್ಡಹೆಸರು ಬಿರಾದಾರ. ತಲಾಠಿ ಕೊಟ್ಟ ಉತಾರದಲ್ಲಿ ಬಿರಾಜದಾರ. ನಮ್ಮ ಕಡೆ ಅರ್ಧ ಊರಿಗೆ ಹೀಗೆ ಎರಡೆರಡು ಹೆಸರು. "ಎರಡೂ ಒಂದೇ ಅಂತ ಅಫಿಡವಿಟ್ ಮಾಡಿಸ್ಕೊಂಡ ಬರ್ರಿ" ಎಂದರು ಕೌಂಟರಿನವರು. ಹೇಳಿದ್ದು ಕನ್ನಡದಲ್ಲಿ, ಅರ್ಜಿಯ ಮೇಲೆ ಷರಾ ಬರೆದದ್ದು ಮರಾಠಿಯಲ್ಲಿ. ಹಿಂದೆ ನಿಂತಿದ್ದ ಮುತ್ಯಾ ಒಬ್ಬರು, "ಮಹಾಜನ ವರದಿ ಜಾರಿ ಆಗಿದ್ರ ಈ ತ್ರಾಸ ಇರತಿರಲಿಲ್ಲ ನೋಡ್ರಿ" ಅಂದರು.

ಅಕ್ಕಲಕೋಟೆಯಲ್ಲಿ ಈ ಮಾತು ಮನೆಮನೆಯಲ್ಲೂ ಕೇಳುತ್ತದೆ. ಆದರೆ ವರದಿ ಜಾರಿಯಾಗುವುದು ಎಂದರೇನು, ಯಾರು ಮಾಡಬೇಕು ಎಂದು ಕೇಳಿದರೆ ಹೆಚ್ಚಿನವರು ಸುಮ್ಮನಾಗುತ್ತಾರೆ.

1956ರ ನವೆಂಬರ್ 1ರಂದು ಬೆಳಗಾವಿ, ವಿಜಯಪುರ, ಧಾರವಾಡ, ಉತ್ತರ ಕನ್ನಡ ಮೈಸೂರು ರಾಜ್ಯಕ್ಕೆ ಸೇರಿದವು. ಅಕ್ಕಲಕೋಟೆ ಇರುವ ಸೊಲ್ಲಾಪುರ ಜಿಲ್ಲೆ ಮುಂಬಯಿ ರಾಜ್ಯದಲ್ಲೇ, ಎಂದರೆ ಮುಂದಿನ ಮಹಾರಾಷ್ಟ್ರದಲ್ಲೇ, ಉಳಿಯಿತು. ಎರಡೂ ಕಡೆ ಅಸಮಾಧಾನ ಹೊಗೆಯಾಡಿ 1966ರಲ್ಲಿ ಕೇಂದ್ರ ಸರ್ಕಾರ ನಿವೃತ್ತ ಮುಖ್ಯ ನ್ಯಾಯಮೂರ್ತಿ ಮೆಹರ್‌ಚಂದ್ ಮಹಾಜನ್ ಅವರ ಆಯೋಗ ನೇಮಿಸಿತು. ಮರುವರ್ಷ ವರದಿ ಬಂತು: ನಿಪ್ಪಾಣಿ, ಖಾನಾಪುರ ಸೇರಿ 264 ಊರು ಮಹಾರಾಷ್ಟ್ರಕ್ಕೆ, ಅಕ್ಕಲಕೋಟೆ ಸೇರಿ 247 ಊರು ಕರ್ನಾಟಕಕ್ಕೆ, ಬೆಳಗಾವಿ ಇದ್ದಲ್ಲೇ. ಕರ್ನಾಟಕ ಒಪ್ಪಿತು, ಮಹಾರಾಷ್ಟ್ರ ಒಪ್ಪಲಿಲ್ಲ.

ಆಯೋಗ ಕೊಡುವುದು ಸಲಹೆ ಮಾತ್ರ. ಅದರಿಂದ ಒಂದು ಮೈಲಿಗಲ್ಲೂ ಅಲುಗುವುದಿಲ್ಲ. ರಾಜ್ಯದ ಗಡಿ ಸರಿಸುವ ಅಧಿಕಾರ ಸಂವಿಧಾನದ 3ನೇ ವಿಧಿಯ ಪ್ರಕಾರ ಸಂಸತ್ತಿನದು. ರಾಷ್ಟ್ರಪತಿಗಳ ಶಿಫಾರಸಿನ ಮೇಲೆ ಮಸೂದೆ ಮಂಡನೆಯಾಗಬೇಕು, ಸಂಬಂಧಪಟ್ಟ ವಿಧಾನಸಭೆಗಳ ಅಭಿಪ್ರಾಯ ಕೇಳಬೇಕು. ಕೇಳಬೇಕು, ಅಷ್ಟೇ, ಪಾಲಿಸಬೇಕೆಂದಿಲ್ಲ. 2014ರ ಜನವರಿಯಲ್ಲಿ ಆಂಧ್ರ ವಿಧಾನಸಭೆ ತೆಲಂಗಾಣ ಮಸೂದೆಯನ್ನು ತಿರಸ್ಕರಿಸಿತು, ಫೆಬ್ರುವರಿಯಲ್ಲಿ ಸಂಸತ್ತು ಅದನ್ನು ಅಂಗೀಕರಿಸಿತು. ಬೇಕಾದ್ದು ಸಾಧಾರಣ ಬಹುಮತ. ಆಂಧ್ರ ಮತ್ತು ಮದರಾಸು ಹೀಗೇ 1959ರ ಕಾಯ್ದೆಯ ಮೂಲಕ ಊರುಗಳನ್ನು ಅದಲುಬದಲು ಮಾಡಿಕೊಂಡವು, ತಿರುತ್ತಣಿ ಮದರಾಸಿಗೆ ಹೋಯಿತು. ಅಂದಮೇಲೆ ದಾರಿ ಇಲ್ಲದಿಲ್ಲ. ಎರಡು ದೊಡ್ಡ ರಾಜ್ಯಗಳಲ್ಲಿ ಒಂದರ ಸಿಟ್ಟು ಕಟ್ಟಿಕೊಳ್ಳಲು ದಿಲ್ಲಿಯಲ್ಲಿ ಯಾರಿಗೂ ಮನಸ್ಸಿಲ್ಲ ಎಂಬುದು ನನ್ನ ಎಣಿಕೆ.

ಸುಪ್ರೀಂ ಕೋರ್ಟಿನಲ್ಲಿ ಕೇಸು ಇದೆಯಲ್ಲ ಎನ್ನಬಹುದು. ಇದೆ. 131ನೇ ವಿಧಿಯ ಪ್ರಕಾರ ಒಂದು ರಾಜ್ಯ ಇನ್ನೊಂದರ ಮೇಲೆ ನೇರವಾಗಿ ಅಲ್ಲೇ ದಾವೆ ಹೂಡಬಹುದು, ಮಹಾರಾಷ್ಟ್ರ 2004ರಲ್ಲಿ ಹೂಡಿತು. ಗಡಿ ಸಂಸತ್ತಿನ ವಿಷಯ, ಕೋರ್ಟಿನದಲ್ಲ ಎಂಬುದು ಕರ್ನಾಟಕದ ವಾದ. ನಮ್ಮವರು ಗಮನಿಸದ ಸಂಗತಿ ಬೇರೆಯೇ ಇದೆ: ಮಹಾರಾಷ್ಟ್ರ ಆ ದಾವೆಯಲ್ಲಿ ಕೇಳಿರುವುದು ಕರ್ನಾಟಕದೊಳಗಿನ ಊರುಗಳನ್ನು. ಅದು ಗೆದ್ದರೂ ಸೋತರೂ ಅಕ್ಕಲಕೋಟೆ ಇದ್ದಲ್ಲೇ ಇರುತ್ತದೆ.

2022ರ ನವೆಂಬರಿನಲ್ಲಿ ಕರ್ನಾಟಕದ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಜತ್ತ, ಅಕ್ಕಲಕೋಟೆ, ಸೊಲ್ಲಾಪುರದ ಹೆಸರೆತ್ತಿದಾಗ ನಮ್ಮ ಅಕ್ಕಲಕೋಟೆ ತಾಲ್ಲೂಕಿನ ಕೆಲವು ಗ್ರಾಮ ಪಂಚಾಯಿತಿಗಳು ಕರ್ನಾಟಕಕ್ಕೆ ಸೇರುತ್ತೇವೆಂದು ಠರಾವು ಮಾಡಿದವು. ಕಾನೂನಿನಲ್ಲಿ ಅಂಥ ಠರಾವಿಗೆ ತೂಕವಿಲ್ಲ. ಆದರೆ ಅದರ ಹಿಂದಿದ್ದುದು ರಸ್ತೆ ಮತ್ತು ನೀರಿನ ಬವಣೆ. ಡಿಸೆಂಬರ್ 14ರಂದು ದಿಲ್ಲಿಯಲ್ಲಿ ಕೇಂದ್ರ ಗೃಹ ಸಚಿವ ಅಮಿತ್ ಶಾ ಎರಡೂ ರಾಜ್ಯಗಳ ಮುಖ್ಯಮಂತ್ರಿಗಳನ್ನು ಕೂರಿಸಿದರು. ತೀರ್ಪು ಬರುವತನಕ ಯಾರೂ ಹಕ್ಕು ಮಂಡಿಸಬಾರದೆಂದು ಮಾತಾಯಿತು.

ಗಡಿ ಸರಿಸುವ ನಿಯಮ ಅಮೆರಿಕದಲ್ಲಿ ಇನ್ನೂ ಬಿಗಿ. ಅಲ್ಲಿ ಗಡಿ ಬದಲಿಸಲು ಎರಡೂ ರಾಜ್ಯಗಳ ಒಪ್ಪಿಗೆಯೂ ಬೇಕು, ಕಾಂಗ್ರೆಸ್ಸಿನ ಒಪ್ಪಿಗೆಯೂ ಬೇಕು. ರಾಜ್ಯ ರಾಜ್ಯಗಳ ಜಗಳ ಅಲ್ಲೂ ನೇರ ಸುಪ್ರೀಂ ಕೋರ್ಟಿಗೇ. ವಲಸಿಗರು ಬಂದಿಳಿಯುತ್ತಿದ್ದ ಎಲ್ಲಿಸ್ ದ್ವೀಪದಲ್ಲಿ ಮಣ್ಣು ತುಂಬಿ ಬೆಳೆಸಿದ ಜಾಗವೆಲ್ಲ ನ್ಯೂಜೆರ್ಸಿಯದು ಎಂದು 1998ರಲ್ಲಿ ತೀರ್ಪಾಯಿತು. ನನಗೆ ಹಿಡಿಸಿದ್ದು ಮಾತ್ರ ಎರಡು ಕೆರೊಲಿನಾಗಳ ಕಥೆ. ಹದಿನೆಂಟನೇ ಶತಮಾನದ ಅಳತೆಗಾರರು ಮರಗಳಿಗೆ ಕಚ್ಚು ಹಾಕಿ ಗಡಿ ಗುರುತಿಸಿದ್ದರು. ಮರಗಳು ಹೋದವು, ಗೆರೆ ಮಸುಕಾಯಿತು. ಹೊಸದಾಗಿ ಅಳೆದಾಗ ಸುಮಾರು 19 ಮನೆ, ಒಂದು ಪೆಟ್ರೋಲ್ ಬಂಕು ಪಕ್ಕದ ರಾಜ್ಯದಲ್ಲಿದ್ದವು! ಮನೆ ಕದಲದೆ ವಿಳಾಸ ಕದಲಿತು. ಎರಡೂ ಸರ್ಕಾರಗಳು ಕೂತು ಆ ಮಕ್ಕಳ ಶಾಲೆ, ಕಾಲೇಜು ಫೀ, ಬಂಕಿನ ತೆರಿಗೆ ಏನಾಗಬೇಕೆಂದು ಮೊದಲೇ ಕಾನೂನು ಬರೆದು, 2017ರ ಜನವರಿ 1ರಿಂದ ಮತ್ತೆ ಗುರುತಿಸಿದ ಗೆರೆಯನ್ನು ಜಾರಿಗೆ ತಂದವು. ನಮ್ಮಲ್ಲಿ ಗೆರೆಯ ಜಗಳಕ್ಕೆ ಆರು ದಶಕ ದಾಟಿದೆ, ಶಾಲೆ-ಫೀಯ ಮಾತು ಕಡೆಗೆ.

ಹಾಗಂತ ಗೆರೆ ಸರಿಯುವವರೆಗೆ ಕೈಕಟ್ಟಿ ಕೂರಬೇಕಿಲ್ಲ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಏರ್ಪಾಟು ಮಾಡಬೇಕೆಂದು 350ಎ ವಿಧಿ ರಾಜ್ಯಗಳಿಗೆ ಹೇಳುತ್ತದೆ. ತರಗತಿಗೆ 10 ಇಲ್ಲವೇ ಶಾಲೆಗೆ 40 ಮಕ್ಕಳಿದ್ದರೆ ಆ ಭಾಷೆಯ ಮಾಸ್ತರರನ್ನು ಕೊಡಬೇಕೆಂಬುದು 1949ರಿಂದ ಒಪ್ಪಿಬಂದ ಸೂತ್ರ. ತಾಲ್ಲೂಕಿನಲ್ಲಿ ಶೇ 15ರಿಂದ 20ರಷ್ಟು ಒಂದು ಭಾಷೆಯವರಿದ್ದರೆ ಮುಖ್ಯ ಸರ್ಕಾರಿ ಪ್ರಕಟಣೆ ಆ ಭಾಷೆಯಲ್ಲೂ ಬರಬೇಕು ಎಂಬ ಒಪ್ಪಂದವೂ ಇದೆ. ಪುಣೆಯ ಬಾಲಭಾರತಿ ಕನ್ನಡ ಪಠ್ಯಪುಸ್ತಕ ಅಚ್ಚು ಹಾಕುತ್ತದೆ, ಹತ್ತನೆಯ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು. 2020ರ ಕಾಯ್ದೆಯಿಂದ ಮರಾಠಿ ಒಂದು ವಿಷಯವಾಗಿ ಕಡ್ಡಾಯ. ಅದರಲ್ಲಿ ನನಗೆ ತಕರಾರಿಲ್ಲ, ತಲಾಠಿ ಬರೆದದ್ದನ್ನು ಓದಲಾದರೂ ಬೇಕು.

ಹತ್ತನೆಯ ಆಚೆ ದಾರಿ ಕಿರಿದಾಗುತ್ತದೆ. ಅಲ್ಲಿ ಕೈಹಿಡಿಯುವುದು ಕರ್ನಾಟಕದ ಸಿಇಟಿ. ಅದರ ನಿಯಮದಲ್ಲಿ ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಜತ್ತ, ಗಡಹಿಂಗ್ಲಜ ತಾಲ್ಲೂಕುಗಳ ಕನ್ನಡದ ಮಕ್ಕಳು 'ಗಡಿನಾಡು ಕನ್ನಡಿಗರು'. ತಹಶೀಲ್ದಾರರ ವಾಸದ ದಾಖಲೆ, ಓದಿದ ಶಾಲೆಗಳ ಪ್ರಮಾಣಪತ್ರ ತೋರಿಸಿ ಒಂದು ಸಣ್ಣ ಕನ್ನಡ ಪರೀಕ್ಷೆ ಪಾಸಾಗಬೇಕು. ಷರತ್ತುಗಳನ್ನು ಆಯಾ ವರ್ಷದ ಸೂಚನಾ ಪುಸ್ತಕದಲ್ಲೇ ಓದಿಕೊಳ್ಳಿ. ಆದರೆ ತಾಲ್ಲೂಕುಗಳ ಆ ಪಟ್ಟಿಯಲ್ಲಿ ಪಕ್ಕದ ಮಂಗಳವೇಡೆ ಇಲ್ಲ. ಬಸವಣ್ಣ ಬಿಜ್ಜಳನ ಲೆಕ್ಕ ಬರೆದ ಊರು ಅದು. ಅಲ್ಲಿನ ಮರವಡೆಯ ಕನ್ನಡದ ಹುಡುಗ 'ಹೊರನಾಡು' ಎಂದೇ ಅರ್ಜಿ ಹಾಕಬೇಕು.

ನಮ್ಮ ಹುಡುಗಿ ಸೇತು ಕೇಂದ್ರಕ್ಕೆ ಬಂದದ್ದೂ ಈ ವಾಸದ ದಾಖಲೆಗೇ. ಕಚೇರಿ ಎದುರಿನ ಬೇವಿನ ಗಿಡದ ಕೆಳಗೆ ಟೈಪ್ ಮಾಡುವವನು, ಬಿರಾದಾರ ಮತ್ತು ಬಿರಾಜದಾರ ಒಂದೇ ಮನೆತನವೆಂದು ಮರಾಠಿಯಲ್ಲಿ ಅಫಿಡವಿಟ್ ಬಡಿದುಕೊಟ್ಟ. "ಮಾಮಾ, ಸಹಿ ಯಾವ ಹೆಸರಲೆ ಮಾಡ್ಲಿ?" ಅಂದಳು. ದಾಖಲಾದಲ್ಲಿ ಇದ್ದಂಗ ಮಾಡು ಅಂದೆ.