ಸಿಹಿನೀರಿನ ಗಾಳಕ್ಕೆ ಅಗ್ಗದ ರೀಲು: ಕೊಳ್ಳುವ ಮುನ್ನ ಪರೀಕ್ಷಿಸಿ

ಕಾರವಾರ ಮತ್ತು ಅಂಕೋಲಾ ತಾಲ್ಲೂಕುಗಳ ರೈತರಿಗೆ ಗಾಳ ಹೊಸದಲ್ಲ. ಬಿದಿರಿನ ಕೋಲು, ಎರಡು ಮಾರು ತಂಗೂಸಿ, ಒಂದು ಗಾಳ, ತೋಟದ ಎರೆಹುಳು ಇಷ್ಟಿದ್ದರೆ ಹಳ್ಳದ ದಂಡೆಯಲ್ಲಿ ಒಂದು ಹೊತ್ತಿನ ಸಾರಿಗೆ ಮೀನು ಸಿಗುತ್ತದೆ. ಇತ್ತೀಚಿನ ವರ್ಷಗಳಲ್ಲಿ ದಾರವನ್ನು ದೂರ ಎಸೆದು ಮತ್ತೆ ಸುತ್ತಿಕೊಳ್ಳುವ ರೀಲುಗಳು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ದೊರೆಯುತ್ತಿವೆ. ಕೃಷಿ ಹೊಂಡದಲ್ಲಿ ಮೀನು ಬಿಟ್ಟ ಹಲವು ರೈತರು ‘ಇದನ್ನು ಕೊಳ್ಳಬಹುದೇ?’ ಎಂದು ಕೇಳುತ್ತಾರೆ. ಕೊಳ್ಳಬಹುದು. ಆದರೆ ಪರೀಕ್ಷಿಸಿ ಕೊಳ್ಳಬೇಕು. ಕೊಂಡ ಮೇಲೆ ಯಾವ ನೀರಿನಲ್ಲಿ ಬಳಸುತ್ತೇವೆ ಎಂಬುದನ್ನು ಮರೆಯಬಾರದು.

ಎರಡನೆಯ ಮಾತನ್ನು ನಾನು ಕಲಿತದ್ದು ನಷ್ಟದಿಂದ. ನಾನು ಕೊಂಡ ಅಗ್ಗದ ರೀಲು ಒಂದು ಮಳೆಗಾಲ ಮತ್ತು ಚಳಿಗಾಲ ಹೊಂಡದ ದಂಡೆಯಲ್ಲಿ ಚೆನ್ನಾಗಿಯೇ ಕೆಲಸ ಮಾಡಿತು. ಮಾರ್ಚ್ ತಿಂಗಳಲ್ಲಿ ಅದನ್ನೇ ಗಂಗಾವಳಿಯ ಅಳಿವೆಯ ಕಡೆಗೆ ಒಯ್ದೆ. ಮನೆಗೆ ಬಂದು ತೊಳೆಯದೆ ಮೂಲೆಗೆ ಇಟ್ಟೆ. ಹದಿನೈದು ದಿನಗಳ ನಂತರ ದಾರ ಹಾಯುವ ಪುಟ್ಟ ಉರುಳೆ ತುಕ್ಕು ಹಿಡಿದು ನಿಂತಿತ್ತು. ನಿಂತ ಉರುಳೆಯ ಮೇಲೆ ಉಜ್ಜಿದ ದಾರ ತುಂಡಾಯಿತು. ಮೀನು ಬಾಯಿಯಲ್ಲಿ ಗಾಳ ಸಮೇತ ಹೋಯಿತು. ರೀಲು ಕೆಟ್ಟದ್ದಾಗಿರಲಿಲ್ಲ, ನನ್ನ ಬಳಕೆ ತಪ್ಪಾಗಿತ್ತು.

ಹೊಂಡದಲ್ಲಿ ರೀಲಿನ ಉಪಯೋಗ

ಮನೆ ಬಳಕೆಗೆ ಎರಡು ಮೀನು ಬೇಕಾದಾಗ ಬಲೆ ಎಳೆದು ಇಡೀ ಹೊಂಡ ಕಲಕುವ ಅಗತ್ಯವಿಲ್ಲ. ತೌಡು ಮತ್ತು ಶೇಂಗಾ ಹಿಂಡಿಯನ್ನು ಕಲಸಿದ ಉಂಡೆಗೆ ರೋಹು ಮತ್ತು ಸಾಮಾನ್ಯ ಗೆಂಡೆ ಬರುತ್ತವೆ. ಇದಕ್ಕಿಂತ ಮುಖ್ಯವಾದುದು ಕೊರವ ಮೀನಿನ ಕಾಟ. ಮಳೆಗಾಲದಲ್ಲಿ ಒಳಹರಿವಿನ ಕಾಲುವೆಯಿಂದ ಹೊಂಡ ಸೇರುವ ಕೊರವ, ಗೆಂಡೆಯ ಮರಿಗಳನ್ನು ತಿಂದು ತೇಗುತ್ತದೆ. ಹುಲ್ಲು ಕಳೆಗಳ ಮರೆಯಲ್ಲಿರುವ ಅದು ಬಲೆಗೆ ಸುಲಭವಾಗಿ ಸಿಗದು, ಗಾಳಕ್ಕೆ ಸಿಗುತ್ತದೆ. ಆದರೆ ಗಾಳಕ್ಕೆ ಸಿಕ್ಕ ಮೀನಿನ ತೂಕ ನೋಡಿ ಇಡೀ ಹೊಂಡದ ಬೆಳವಣಿಗೆಯನ್ನು ಅಳೆಯಬಾರದು. ಹಸಿದ, ಚುರುಕಾದ ಮೀನು ಮಾತ್ರ ಗಾಳ ಕಚ್ಚುತ್ತದೆ. ಅಳತೆಗೆ ಬೀಸುಬಲೆಯೇ ಸರಿ.

ರೀಲು ಕೆಲಸ ಮಾಡುವ ಬಗೆ

ಈ ರೀಲಿನಲ್ಲಿ ದಾರದ ಸುರುಳಿ ತಿರುಗುವುದಿಲ್ಲ. ಹಿಡಿಕೆ ತಿರುಗಿಸಿದಾಗ ತಂತಿಯ ಬಳೆಯೊಂದು ಸುರುಳಿಯ ಸುತ್ತ ತಿರುಗಿ ದಾರವನ್ನು ಸುತ್ತುತ್ತದೆ. ಪೆಟ್ಟಿಗೆಯ ಮೇಲೆ 5:1 ಎಂದಿದ್ದರೆ ಹಿಡಿಕೆಯ ಒಂದು ಸುತ್ತಿಗೆ ಬಳೆ ಐದು ಸುತ್ತು ತಿರುಗುತ್ತದೆ ಎಂದರ್ಥ. ಬಳೆಯನ್ನು ಎತ್ತಿದರೆ ದಾರ ಸಡಿಲವಾಗಿ ಹಾರಿಹೋಗುತ್ತದೆ. ಆದುದರಿಂದಲೇ ಹಗುರ ಗಾಳವನ್ನೂ ದೂರ ಎಸೆಯಬಹುದು.

ಸುರುಳಿಯ ಮುಂದಿರುವ ತಿರುಪು ಬಹಳ ಮುಖ್ಯ. ಇದನ್ನು ಡ್ರ್ಯಾಗ್ ಎನ್ನುತ್ತಾರೆ. ಇದು ಗಾಡಿಯ ಬ್ರೇಕಿನಂತೆ. ಮೀನು ಜೋರಾಗಿ ಎಳೆದಾಗ ದಾರ ತುಂಡಾಗುವ ಮೊದಲೇ ಸುರುಳಿ ಜಾರಿ ಸ್ವಲ್ಪ ದಾರ ಬಿಡಬೇಕು. ಡ್ರ್ಯಾಗ್ ಸರಿಯಿದ್ದರೆ ಮೂರು ಕಿಲೋ ಭಾರ ತಡೆಯುವ ದಾರದಲ್ಲಿ ಅದಕ್ಕಿಂತ ದೊಡ್ಡ ಮೀನನ್ನೂ ದಣಿಸಿ ದಂಡೆಗೆ ತರಬಹುದು. ಡ್ರ್ಯಾಗ್ ಕಚ್ಚಿಕೊಂಡರೆ ಒಂದು ಕಿಲೋ ಮೀನೂ ದಾರ ಹರಿಯಬಲ್ಲದು.

ಅಂಗಡಿಯಲ್ಲಿ ನೋಡಬೇಕಾದ ಅಂಶಗಳು

1. ಗಾತ್ರ: ಹೊಂಡ, ಹಳ್ಳಗಳಿಗೆ 1000ದಿಂದ 2500ರವರೆಗಿನ ಅಂಕೆಯ ರೀಲು ಸಾಕು. ದೊಡ್ಡದು ಕೈಗೆ ಭಾರ.

2. ಹಿಡಿಕೆ: ನಿಧಾನವಾಗಿ ತಿರುಗಿಸಿ. ಹಲ್ಲುಚಕ್ರಗಳು ಗರಗರ ಎನ್ನಬಾರದು, ನಡುವೆ ತಡೆಯಬಾರದು. ಹಿಂದಕ್ಕೆ ತಿರುಗಿಸಿದರೆ ಕೂಡಲೇ ನಿಲ್ಲಬೇಕು.

3. ಬಳೆ: ಹತ್ತು ಬಾರಿ ತೆರೆದು ಮುಚ್ಚಿ ನೋಡಿ. ಪ್ರತಿ ಸಲವೂ ಪೂರ್ತಿ ಕೂರಬೇಕು.

4. ಉರುಳೆ: ಬಳೆಯ ತುದಿಯಲ್ಲಿ ದಾರ ಹಾಯುವ ಉರುಳೆಯನ್ನು ಬೆರಳಿನಿಂದ ಉರುಳಿಸಿ. ತಿರುಗದಿದ್ದರೆ ಆ ರೀಲು ಬೇಡ.

5. ಸುರುಳಿಯ ಅಂಚು: ಹಳೆಯ ಬಟ್ಟೆಯ ಚೂರನ್ನು ಸುತ್ತಲೂ ಸವರಿ. ನೂಲು ಸಿಕ್ಕಿಕೊಂಡರೆ ಅಲ್ಲಿ ದಾರವೂ ಕತ್ತರಿಸುತ್ತದೆ.

ಪೆಟ್ಟಿಗೆಯ ಮೇಲೆ ‘ಹನ್ನೆರಡು ಬೇರಿಂಗು’ ಎಂದು ಬರೆದಿರುವುದನ್ನು ನೋಡಿ ಮರುಳಾಗಬಾರದು. ಕಳಪೆ ಬೇರಿಂಗು ಹನ್ನೆರಡಕ್ಕಿಂತ ಒಳ್ಳೆಯ ಬೇರಿಂಗು ಮೂರು ಮೇಲು.

ನೀರಿನ ಬಾಟಲಿಯ ಪರೀಕ್ಷೆ

ಡ್ರ್ಯಾಗನ್ನು ಅಂಗಡಿಯಲ್ಲಿ ಪೂರ್ತಿ ಪರೀಕ್ಷಿಸುವುದು ಕಷ್ಟ. ‘ಸರಿಯಿಲ್ಲದಿದ್ದರೆ ನಾಳೆ ವಾಪಸು ತೆಗೆದುಕೊಳ್ಳುತ್ತೀರಾ?’ ಎಂದು ಮೊದಲೇ ಕೇಳಿಕೊಂಡು ಮನೆಯಲ್ಲಿ ಹೀಗೆ ಮಾಡಿ.

ಒಂದು ಲೀಟರಿನ ಬಾಟಲಿಗೆ ಮುಕ್ಕಾಲು ಭಾಗ ನೀರು ತುಂಬಿ. ಇದು ಸುಮಾರು 750 ಗ್ರಾಂ ತೂಗುತ್ತದೆ. ದಾರವನ್ನು ಕೋಲಿನ ಕಣ್ಣುಗಳಲ್ಲಿ ಹಾಯಿಸದೆ, ರೀಲಿನಿಂದ ನೇರವಾಗಿ ಬಾಟಲಿಯ ಕುತ್ತಿಗೆಗೆ ಕಟ್ಟಿ ತೂಗುಬಿಡಿ. ಡ್ರ್ಯಾಗ್ ಬಿಗಿ ಮಾಡಿ, ನಂತರ ಸ್ವಲ್ಪಸ್ವಲ್ಪವೇ ಸಡಿಲಿಸಿ. ಒಂದು ಹಂತದಲ್ಲಿ ಬಾಟಲಿ ಮೆಲ್ಲಗೆ, ಒಂದೇ ಸಮನಾಗಿ ಇಳಿಯತೊಡಗಬೇಕು. ತಟಸ್ಥವಾಗಿ ನಿಂತು ಆಮೇಲೆ ದಡಕ್ಕನೆ ಜಾರಿದರೆ, ಮತ್ತೆ ನಿಂತು ಮತ್ತೆ ಜಾರಿದರೆ, ಆ ಡ್ರ್ಯಾಗ್ ನಂಬಿಕೆಗೆ ಯೋಗ್ಯವಲ್ಲ. ಹತ್ತು ಬಾರಿ ಮಾಡಿ ನೋಡಿ. ಹತ್ತು ಬಾರಿಯೂ ಒಂದೇ ರೀತಿ ಇಳಿದರೆ ಸಾವಿರ ರೂಪಾಯಿಯ ರೀಲಾದರೂ ಒಳ್ಳೆಯದೇ.

ಈ ತೂಕವನ್ನು ಸುಮ್ಮನೆ ಆರಿಸಿದ್ದಲ್ಲ. ಡ್ರ್ಯಾಗನ್ನು ದಾರದ ಶಕ್ತಿಯ ಕಾಲು ಭಾಗದಿಂದ ಮೂರನೆಯ ಒಂದು ಭಾಗಕ್ಕೆ ಹೊಂದಿಸುವುದು ವಾಡಿಕೆ. ಮೂರು ಕಿಲೋ ದಾರಕ್ಕೆ 750 ಗ್ರಾಂ ಎಂದರೆ ಕಾಲು ಭಾಗ. ಗಂಟು ಹಾಕಿದಲ್ಲಿ ದಾರದ ಶಕ್ತಿ ಕುಗ್ಗುತ್ತದೆ, ಮೀನಿನ ಎಳೆತ ಒಮ್ಮೆಲೇ ಬರುತ್ತದೆ. ಆದುದರಿಂದ ಇಷ್ಟು ಅಂತರ ಬೇಕು. ಗಂಟನ್ನು ನೀರಿನಿಂದ ಒದ್ದೆ ಮಾಡಿ ಬಿಗಿಯಿರಿ.

ದಾರ ಮತ್ತು ಬಳಕೆ

ದಾರವನ್ನು ಸುರುಳಿಯ ಅಂಚಿಗಿಂತ ಎರಡು ಮೂರು ಮಿಲಿಮೀಟರ್ ಕೆಳಗಿನವರೆಗೆ ಸುತ್ತಬೇಕು. ಹೆಚ್ಚು ತುಂಬಿದರೆ ಸುರುಳಿ ಸುರುಳಿಯಾಗಿ ಬಿದ್ದು ಸಿಕ್ಕಾಗುತ್ತದೆ. ಕಡಿಮೆಯಾದರೆ ದೂರ ಹೋಗದು. ಎಸೆದ ಮೇಲೆ ಬಳೆಯನ್ನು ಕೈಯಿಂದಲೇ ಮುಚ್ಚುವುದು ಒಳ್ಳೆಯ ರೂಢಿ.

ಮೀನು ದಾರ ಎಳೆಯುತ್ತಿರುವಾಗ ಹಿಡಿಕೆ ತಿರುಗಿಸುವುದು ಹೊಸಬರ ಸಾಮಾನ್ಯ ತಪ್ಪು. ದಾರ ಜಾರುತ್ತಿರುವಾಗ ಹಿಡಿಕೆಯ ಪ್ರತಿ ಸುತ್ತಿಗೂ ದಾರಕ್ಕೆ ಐದು ಹುರಿ ಬೀಳುತ್ತದೆ. ಮೀನು ಓಡುವಾಗ ಬಿಡಿ. ಅದು ನಿಂತಾಗ ಕೋಲನ್ನು ಮೇಲೆತ್ತಿ, ಇಳಿಸುತ್ತಾ ಸುತ್ತಿಕೊಳ್ಳಿ.

ಸಿಹಿಯೋ ಉಪ್ಪೋ?

ನಮ್ಮ ಎರಡೂ ತಾಲ್ಲೂಕುಗಳ ವಿಶೇಷವೆಂದರೆ, ಮಳೆಗಾಲದಲ್ಲಿ ಸಿಹಿಯಾಗಿ ಹರಿಯುವ ಕಾಳಿ ಮತ್ತು ಗಂಗಾವಳಿ ನದಿಗಳ ಕೆಳಭಾಗದಲ್ಲಿ ಬೇಸಿಗೆಗೆ ಉಬ್ಬರದ ಉಪ್ಪುನೀರು ಮೇಲೇರುತ್ತದೆ. ಗಜನಿ ಗದ್ದೆಯಲ್ಲಿ ಕಗ್ಗ ಭತ್ತ ಬೆಳೆದವರಿಗೆ ಇದನ್ನು ಹೇಳಬೇಕಾಗಿಲ್ಲ. ಜುಲೈನಲ್ಲಿ ಸಿಹಿನೀರಿನ ರೀಲಿಗೆ ಯೋಗ್ಯವಾಗಿದ್ದ ದಂಡೆ ಮಾರ್ಚ್‌ನಲ್ಲಿ ಹಾಗಿರುವುದಿಲ್ಲ. ಅಗ್ಗದ ರೀಲಿನಲ್ಲಿ ಉಕ್ಕಿನ ಮೊಳೆ, ಬೇರಿಂಗುಗಳು ಬೇರೆ ಲೋಹದ ಚೌಕಟ್ಟಿನಲ್ಲಿ ಕೂತಿರುತ್ತವೆ. ಬೇರೆ ಬೇರೆ ಲೋಹಗಳ ನಡುವೆ ಉಪ್ಪುನೀರು ಸೇರಿದರೆ ಸವೆತ ಬೇಗ ಆಗುತ್ತದೆ. ಕಡಲತಡಿಯ ಪಂಪ್‌ಸೆಟ್ಟಿನ ನಟ್ಟು ಬೋಲ್ಟುಗಳಲ್ಲಿ ಇದನ್ನು ನೋಡಿದ್ದೀರಿ. ಆದುದರಿಂದ ಅಳಿವೆಯಲ್ಲಿ ಕುರುಡಿ ಮೀನಿಗೆ ಗಾಳ ಹಾಕುವವರು ಉಪ್ಪುನೀರಿಗೆಂದೇ ತಯಾರಾದ ರೀಲು ಕೊಳ್ಳಬೇಕು. ಅಗ್ಗದ ರೀಲನ್ನು ಹೊಂಡ, ಕೆರೆ ಮತ್ತು ಮೇಲ್ಭಾಗದ ಹಳ್ಳಗಳಿಗೆ ಮೀಸಲಿಡಿ.

ಆರೈಕೆ

ಬಳಸಿದ ದಿನವೇ ಡ್ರ್ಯಾಗ್ ಬಿಗಿ ಮಾಡಿ, ಸಿಹಿನೀರು ಚಿಮುಕಿಸಿ, ಬಟ್ಟೆಯಿಂದ ಒರೆಸಿ ನೆರಳಿನಲ್ಲಿ ಒಣಗಿಸಿ. ಬಕೆಟ್ಟಿನಲ್ಲಿ ಮುಳುಗಿಸಿದರೆ ನೀರು ಒಳಗೆ ಸೇರುತ್ತದೆ. ಒಣಗಿದ ನಂತರ ಡ್ರ್ಯಾಗ್ ಸಡಿಲಿಸಿ ಇಡಿ. ಉರುಳೆಗೂ ಹಿಡಿಕೆಯ ಕೀಲಿಗೂ ಹೊಲಿಗೆ ಯಂತ್ರದ ಎಣ್ಣೆ ಒಂದೊಂದು ಹನಿ ಸಾಕು. ತೆಂಗಿನ ಎಣ್ಣೆ ಹಾಕಬಾರದು. ಅದು ಕ್ರಮೇಣ ಅಂಟಾಗಿ ಧೂಳು ಹಿಡಿಯುತ್ತದೆ.

ಎಚ್ಚರಿಕೆಗಳು

ಕದ್ರಾ ಅಣೆಕಟ್ಟೆಯ ಕೆಳಗೆ ಕಾಳಿಯಲ್ಲಿ ಇಳಿದು ನಿಂತು ಗಾಳ ಹಾಕಬೇಡಿ. 2019ರ ಆಗಸ್ಟ್‌ನಲ್ಲಿ ಅಲ್ಲಿಂದ ಬಿಟ್ಟ ನೀರು ದಂಡೆಯ ಹಳ್ಳಿಗಳಿಗೆ ನುಗ್ಗಿದ್ದನ್ನು ಎಲ್ಲರೂ ಬಲ್ಲರು. ವಿದ್ಯುತ್ ತಂತಿಯ ಕೆಳಗೆ ಕೋಲು ಎತ್ತಬಾರದು. ಕಾರ್ಬನ್ ಕೋಲಿನಲ್ಲಿ ವಿದ್ಯುತ್ ಹರಿಯುತ್ತದೆ. ತುಂಡಾದ ತಂಗೂಸಿಯನ್ನು ದಂಡೆಯಲ್ಲಿ ಬಿಟ್ಟರೆ ಮೇವಿನೊಡನೆ ದನದ ಹೊಟ್ಟೆ ಸೇರುತ್ತದೆ. ಮೊದಲ ಮಳೆಗೆ ಮೊಟ್ಟೆಯಿಡಲು ಏರುವ ಹತ್ತುಮೀನನ್ನು ಹಿಡಿಯದಿರುವುದು ಲೇಸು. ಸ್ವಂತ ಹೊಂಡವಲ್ಲದೆ ಸಾರ್ವಜನಿಕ ಕೆರೆ, ಜಲಾಶಯಗಳಲ್ಲಿ ಗಾಳ ಹಾಕುವ ಮೊದಲು ಮೀನುಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಯಲ್ಲಿ ಪರವಾನಿಗೆಯ ಬಗ್ಗೆ ವಿಚಾರಿಸಿ.

ಒಟ್ಟಿನಲ್ಲಿ, ಬಾಟಲಿ ಸಮನಾಗಿ ಇಳಿದರೆ ರೀಲನ್ನು ಇಟ್ಟುಕೊಳ್ಳಿ, ತಡೆದು ತಡೆದು ಇಳಿದರೆ ಮರಳಿಸಿ. ನದಿಯ ದಂಡೆಗೆ ಹೋದಾಗ ರೀಲು ಬಿಚ್ಚುವ ಮೊದಲು ಒಂದು ಹನಿ ನೀರನ್ನು ನಾಲಗೆಯ ತುದಿಗೆ ಮುಟ್ಟಿಸಿ ನೋಡಿ. ಉಪ್ಪೆನಿಸಿದರೆ ಆ ದಿನಕ್ಕೆ ಹಳೆಯ ಬಿದಿರಿನ ಕೋಲೇ ಸಾಕು.