ತಾಮ್ರದ ತಂಬಿಗೆಯ ನೀರು: ಗುಣವೆಷ್ಟು, ಮಿತಿಯೆಷ್ಟು?

ಅಷ್ಟಾವರಣಗಳಲ್ಲಿ ಪಾದೋದಕಕ್ಕೂ ಸ್ಥಾನವಿತ್ತ ಪರಂಪರೆ ನಮ್ಮದು. ಉದಕವನ್ನು ಪೂಜ್ಯಭಾವದಿಂದ ಕಾಣುವ ನಾವು ನಿತ್ಯವೂ ಕುಡಿಯುವ ನೀರಿನ ಗುಣದೋಷಗಳನ್ನು ಅರಿತಿರುವುದು ಆವಶ್ಯಕ. ಇರುಳಿಡೀ ತಾಮ್ರದ ತಂಬಿಗೆಯಲ್ಲಿಟ್ಟ ನೀರನ್ನು ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಕುಡಿಯುವ ರೂಢಿ ನಮ್ಮ ಅನೇಕ ಮನೆಗಳಲ್ಲಿದೆ. ಈಗೀಗ ಆಲ್ಕಲೈನ್ ವಾಟರ್ ಎಂಬ ಹೆಸರಿನಲ್ಲಿ ಕ್ಷಾರಯುಕ್ತ ನೀರನ್ನು ಕೊಡುವ ಯಂತ್ರಗಳೂ ಮಾರುಕಟ್ಟೆಗೆ ಬಂದಿವೆ. ಇಂತಹ ನೀರಿನಿಂದ ಮಂಡಿನೋವು, ಮಧುಮೇಹ, ರಕ್ತದೊತ್ತಡಗಳೆಲ್ಲ ವಾಸಿಯಾಗುತ್ತವೆಂಬ ಮಾತು ಭಕ್ತರ ಬಾಯಲ್ಲಿಯೂ ಕೇಳಿಬರುತ್ತಿದೆ. ಇದರಲ್ಲಿ ನಿಜವೆಷ್ಟು ಎಂಬುದನ್ನು ವಿಚಾರ ಮಾಡೋಣ.

ತಾಮ್ರದ ಗುಣ

ತಾಮ್ರಕ್ಕೆ ರೋಗಾಣುಗಳನ್ನು ಕೊಲ್ಲುವ ಶಕ್ತಿಯಿರುವುದು ನಿಜ. ಪಾತ್ರೆಯಿಂದ ಅತ್ಯಲ್ಪ ಪ್ರಮಾಣದ ತಾಮ್ರವು ನೀರಿಗೆ ಇಳಿದು, ರೋಗಾಣುಗಳ ಹೊರಪೊರೆಯನ್ನು ಹಾನಿಗೊಳಿಸುತ್ತದೆ. 2012ರಲ್ಲಿ ಪ್ರಕಟವಾದ ಬೆಂಗಳೂರಿನ ಸಂಶೋಧಕರ ಅಧ್ಯಯನವೊಂದರಲ್ಲಿ, ಕಾಲರಾ, ವಿಷಮಶೀತಜ್ವರ, ಆಮಶಂಕೆಗಳನ್ನುಂಟುಮಾಡುವ ಬ್ಯಾಕ್ಟೀರಿಯಾಗಳನ್ನು ಬೆರೆಸಿದ ನೀರನ್ನು ತಾಮ್ರದ ಪಾತ್ರೆಯಲ್ಲಿ 16 ಗಂಟೆಗಳ ಕಾಲ ಇಟ್ಟಾಗ, ಆ ಬ್ಯಾಕ್ಟೀರಿಯಾಗಳು ಮತ್ತೆ ಬೆಳೆಯಲಿಲ್ಲ. ನೀರಿಗೆ ಇಳಿದ ತಾಮ್ರವಾದರೋ, ವಿಶ್ವ ಆರೋಗ್ಯ ಸಂಸ್ಥೆಯು ನಿಗದಿಪಡಿಸಿದ ಲೀಟರಿಗೆ 2 ಮಿಲಿಗ್ರಾಂ ಮಿತಿಯ ಹತ್ತನೆಯ ಒಂದಂಶಕ್ಕಿಂತಲೂ ಕಡಿಮೆಯಿತ್ತು. ಹಿರಿಯರ ರೂಢಿಗೆ ಆಧಾರವಿದೆಯೆಂಬುದಕ್ಕೆ ಇಷ್ಟು ಸಾಕು.

ಆದರೆ ಈ ಗುಣವು ರೋಗಾಣುನಾಶಕ್ಕೆ ಸಂಬಂಧಿಸಿದುದು. ಮಧುಮೇಹವನ್ನೋ ಮಂಡಿನೋವನ್ನೋ ಈ ನೀರು ವಾಸಿಮಾಡುವುದೆಂಬುದಕ್ಕೆ ಆಧಾರವಿಲ್ಲ. ಇದನ್ನು ನಂಬಿ ವೈದ್ಯರು ಕೊಟ್ಟ ಔಷಧಿಯನ್ನು ನಿಲ್ಲಿಸುವುದು ಅಪಾಯಕರ.

ತಾಮ್ರದಿಂದ ಆಗದ ಕೆಲಸ

ನಾವು ಮುಖ್ಯವಾಗಿ ಹೇಳಬೇಕಾದ ಮಾತು ಇಲ್ಲಿದೆ. ಕೊಪ್ಪಳ, ರಾಯಚೂರು, ಗದಗ, ಬಾಗಲಕೋಟೆ, ಚಿತ್ರದುರ್ಗ, ತುಮಕೂರು, ಕೋಲಾರ ಜಿಲ್ಲೆಗಳ ಎಷ್ಟೋ ಊರುಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಅಧಿಕವಾಗಿದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನೋಟಕ್ಕೆ ನೀರು ತಿಳಿಯಾಗಿಯೇ ಇರುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ಫ್ಲೋರೈಡನ್ನು ವರ್ಷಾನುಗಟ್ಟಲೆ ಸೇವಿಸಿದರೆ ಮಕ್ಕಳ ಹಲ್ಲುಗಳ ಮೇಲೆ ಕಂದು ಕಲೆಗಳು ಮೂಡುತ್ತವೆ. ಪ್ರಮಾಣ ಇನ್ನೂ ಹೆಚ್ಚಿದಲ್ಲಿ ಕೀಲುಗಳು ಬಿಗಿದು, ಬೆನ್ನು ಬಾಗುತ್ತದೆ. ಹೀಗೆ ಕೆಟ್ಟ ಎಲುಬನ್ನು ಮೊದಲಿನಂತೆ ಮಾಡುವ ಮದ್ದಿಲ್ಲ.

ತಾಮ್ರದ ಪಾತ್ರೆ ಈ ಫ್ಲೋರೈಡನ್ನು ತೆಗೆಯಲಾರದು. ಕುದಿಸಿದರೂ ಅದು ಹೋಗದು. ನೀರು ಆವಿಯಾದಂತೆ ಉಳಿದ ನೀರಿನಲ್ಲಿ ಅದರ ಪ್ರಮಾಣ ತುಸು ಏರುವುದೇ ಸರಿ. ಕುದಿಸುವುದು ರೋಗಾಣುಗಳಿಗೆ ಮಾತ್ರ ಮದ್ದು. “ನಮ್ಮ ಮನೆಯಲ್ಲಿ ತಾಮ್ರದ ನೀರನ್ನೇ ಕುಡಿಯುತ್ತೇವೆ” ಎಂಬ ಸಮಾಧಾನದಲ್ಲಿ ಮಕ್ಕಳ ಹಲ್ಲಿನ ಕಲೆಯನ್ನು ಕಡೆಗಣಿಸಬಾರದು.

ಕ್ಷಾರಯುಕ್ತ ನೀರು

ನಮ್ಮ ಜಠರದಲ್ಲಿ ಪ್ರಬಲವಾದ ಆಮ್ಲವಿದೆ. ಕುಡಿದ ನೀರಿನ ಕ್ಷಾರಗುಣ ಅಲ್ಲಿಯೇ ಬಹುಮಟ್ಟಿಗೆ ಶಮನವಾಗುತ್ತದೆ. ರಕ್ತದ ಆಮ್ಲ-ಕ್ಷಾರ ಸಮತೋಲವನ್ನು ಶ್ವಾಸಕೋಶ ಹಾಗೂ ಮೂತ್ರಪಿಂಡಗಳು ಹಗಲಿರುಳೂ ಕಾಯುತ್ತವೆ. ಆರೋಗ್ಯವಂತರು ಅದಕ್ಕಾಗಿ ಸಾವಿರಾರು ರೂಪಾಯಿಗಳ ಯಂತ್ರವನ್ನು ಕೊಳ್ಳಬೇಕಾಗಿಲ್ಲ. ಮೂತ್ರಪಿಂಡದ ಕಾಯಿಲೆಯಿರುವವರಂತೂ ವೈದ್ಯರನ್ನು ಕೇಳದೆ ಇಂತಹ ನೀರನ್ನು ಬಳಸಲಾಗದು.

ಪಾಲಿಸಬೇಕಾದ ಕ್ರಮಗಳು

• ಮನೆಯ ಕೊಳವೆಬಾವಿಯ ನೀರನ್ನು ಪರೀಕ್ಷೆ ಮಾಡಿಸಿರಿ. ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿದರೆ ನೀರು ಪರೀಕ್ಷಾ ಪ್ರಯೋಗಾಲಯದ ಮಾಹಿತಿ ದೊರೆಯುತ್ತದೆ.

• ಫ್ಲೋರೈಡ್ ಹೆಚ್ಚಿದ್ದರೆ, ಕುಡಿಯಲು ಮತ್ತು ಅಡುಗೆಗೆ ಊರಿನ ಶುದ್ಧ ಕುಡಿಯುವ ನೀರಿನ ಘಟಕದ ನೀರನ್ನೋ, ಶುಚಿಯಾಗಿ ಸಂಗ್ರಹಿಸಿ ಕುದಿಸಿದ ಮಳೆನೀರನ್ನೋ ಬಳಸಿರಿ.

• ಹಾಲು, ಮಜ್ಜಿಗೆ, ರಾಗಿ, ನುಗ್ಗೆಸೊಪ್ಪು, ನೆಲ್ಲಿಕಾಯಿಗಳು ಮಕ್ಕಳ ಆಹಾರದಲ್ಲಿರಲಿ. ಸುಣ್ಣದಂಶ ಹಾಗೂ ಸಿ ಜೀವಸತ್ವಗಳ ಕೊರತೆಯಿದ್ದಲ್ಲಿ ಫ್ಲೋರೈಡಿನ ಬಾಧೆ ಹೆಚ್ಚುತ್ತದೆ.

• ತಾಮ್ರದ ಪಾತ್ರೆಯನ್ನು ಹುಣಸೆಹಣ್ಣಿನಿಂದ ತಿಕ್ಕಿ, ಚೆನ್ನಾಗಿ ತೊಳೆದು, ಕಿಲುಬು ಹಿಡಿಯದಂತೆ ಇಟ್ಟುಕೊಳ್ಳಿರಿ. ಅದರಲ್ಲಿ ಮಜ್ಜಿಗೆ, ನಿಂಬೆಯ ಪಾನಕದಂತಹ ಹುಳಿ ಪದಾರ್ಥಗಳನ್ನು ಇಡಬಾರದು. ಹುಳಿಗೆ ತಾಮ್ರ ಹೆಚ್ಚಾಗಿ ಕರಗಿ ವಾಂತಿ, ಹೊಟ್ಟೆನೋವು ಬರಬಹುದು.

• ದೇಹದಲ್ಲಿ ತಾಮ್ರ ಶೇಖರಗೊಳ್ಳುವ ವಿಲ್ಸನ್ ಕಾಯಿಲೆಯಿರುವವರು ತಾಮ್ರದ ಪಾತ್ರೆಯ ನೀರನ್ನು ಕುಡಿಯಬಾರದು.

ತಂಬಿಗೆಯನ್ನು ಬಿಡಬೇಕೆಂದು ನಾವು ಹೇಳುತ್ತಿಲ್ಲ. ಮೊದಲು ನೀರನ್ನು ಪರೀಕ್ಷಿಸಿ, ಶುದ್ಧವಾದುದನ್ನೇ ಅದರಲ್ಲಿ ತುಂಬಿರಿ ಎಂಬುದಷ್ಟೇ ನಮ್ಮ ವಿನಂತಿ. ಅರಿವಿನೊಡನೆ ಕೂಡಿದ ಆಚಾರವೇ ನಮ್ಮ ಶರಣರು ತೋರಿದ ದಾರಿಯಲ್ಲವೇ?